ಎಸೆಸೆಲ್ಸಿಯ ಬಳಿಕ ಪಿಯುಸಿ ಮಾತ್ರವೇ ದಾರಿಯಲ್ಲ

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಪ್ರಶ್ನೆ. ಎಷ್ಟು ಪರ್ಸೆಂಟ್? ಯಾವ ಕಾಲೇಜು? 85, 90 ಬಂದ ಮನೆಯಲ್ಲಿ ಸಿಹಿ ಹಂಚುತ್ತಾರೆ. 45, 50 ಬಂದ ಮನೆಯಲ್ಲಿ ಮೌನ ಆವರಿಸುತ್ತದೆ. ಕೆಲವು ದಿನಗಳ ಬಳಿಕ ಆ ಮೌನದಲ್ಲೇ ಒಂದು ತೀರ್ಮಾನವಾಗಿ ಬಿಡುತ್ತದೆ. ಹುಡುಗನಾದರೆ ಮಾವನ ಗ್ಯಾರೇಜಿಗೆ, ಹುಡುಗಿಯಾದರೆ ಅಡುಗೆ ಮನೆಗೆ.

ಇನ್ನು ಕೆಲವರು ಮಾನಕ್ಕಂಜಿ ಮಗುವನ್ನು ಪಿಯುಸಿ ವಿಜ್ಞಾನಕ್ಕೇ ಸೇರಿಸುತ್ತಾರೆ. ನೆಂಟರ ಮಕ್ಕಳು ಸೇರಿದ್ದಾರೆ, ನಮ್ಮವರೂ ಸೇರಬೇಕು. ಎರಡು ವರ್ಷ ಟ್ಯೂಷನ್‌ಗೆ ಹಣ ಸುರಿದ ಬಳಿಕ ಮಗು ಭೌತಶಾಸ್ತ್ರದಲ್ಲಿ ಫೇಲಾಗಿ ಕೂರುತ್ತದೆ. ಆಗ ಹಣ, ಸಮಯ, ಮಗುವಿನ ಧೈರ್ಯ ಮೂರೂ ಹೋಗಿರುತ್ತವೆ.

ಈ ಎರಡು ತೀರ್ಮಾನಗಳ ನಡುವೆ ಮೂರನೆಯ ದಾರಿಯೊಂದಿದೆ. ಅದು ಐಟಿಐ ಮತ್ತು ಪಾಲಿಟೆಕ್ನಿಕ್ ಡಿಪ್ಲೊಮಾದ ದಾರಿ. "ಅದು ದಡ್ಡರಿಗೆ" ಎಂದು ನೀವು ಹೇಳುವ ಮೊದಲು ದಯವಿಟ್ಟು ಮುಂದಿನ ಲೆಕ್ಕವನ್ನೊಮ್ಮೆ ನೋಡಿ.

ವರ್ಷಗಳ ಲೆಕ್ಕ

ಎಸೆಸೆಲ್ಸಿಯ ಬಳಿಕ ಪಿಯುಸಿಗೆ 2 ವರ್ಷ, ಆಮೇಲೆ ಇಂಜಿನಿಯರಿಂಗ್‌ಗೆ 4 ವರ್ಷ. ಒಟ್ಟು 6 ವರ್ಷ.

ಎಸೆಸೆಲ್ಸಿಯ ಬಳಿಕ ಡಿಪ್ಲೊಮಾಕ್ಕೆ 3 ವರ್ಷ. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿ 3 ವರ್ಷ. ಒಟ್ಟು ಅದೇ 6 ವರ್ಷ!

ಐಟಿಐಯಿಂದ ಹೊರಟವರಿಗೂ ಬಾಗಿಲು ಮುಚ್ಚಿಲ್ಲ. ಎಸೆಸೆಲ್ಸಿ ಪಾಸಾಗಿ 2 ವರ್ಷದ ಐಟಿಐ ಮುಗಿಸಿದವರು ಸಂಬಂಧಪಟ್ಟ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. 2, ಮತ್ತೆ 2, ಆಮೇಲೆ ಇಂಜಿನಿಯರಿಂಗ್‌ನ 3. ಒಟ್ಟು 7 ವರ್ಷ. ಪಿಯುಸಿಯ ದಾರಿಗಿಂತ ಒಂದೇ ವರ್ಷ ಹೆಚ್ಚು.

ಇಲ್ಲಿ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಪಿಯುಸಿಯ ಬಳಿಕ ಓದು ನಿಂತರೆ ಕೈಯಲ್ಲಿ ಉಳಿಯುವುದು ಒಂದು ಅಂಕಪಟ್ಟಿ. ಐಟಿಐ ಅಥವಾ ಡಿಪ್ಲೊಮಾದ ಬಳಿಕ ನಿಂತರೆ ಕೈಯಲ್ಲಿ ಒಂದು ಕಸುಬು ಇರುತ್ತದೆ, ಅದಕ್ಕೆ ದೇಶವಿಡೀ ಮಾನ್ಯತೆಯಿರುವ ಸರ್ಟಿಫಿಕೇಟೂ ಇರುತ್ತದೆ. ಮನೆಯ ಯಜಮಾನರಿಗೆ ಕಾಯಿಲೆಯಾದರೆ, ಗಲ್ಫಿನ ಕೆಲಸ ಹೋದರೆ, ಮಗ ಎರಡು ವರ್ಷ ದುಡಿದು ಮತ್ತೆ ಓದಿಗೆ ಮರಳಬಹುದು. ನಮ್ಮಂತಹ ಮಧ್ಯಮ ಮತ್ತು ಬಡ ಕುಟುಂಬಗಳಿಗೆ ಇದು ಸಣ್ಣ ಸಂಗತಿಯೇ?

ಜಕ್ಕೂರನ್ನೇ ನೋಡಿ

ಬೆಂಗಳೂರಿನ ಉತ್ತರದಲ್ಲಿರುವ ಜಕ್ಕೂರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಮತ್ತು ವಾಯುಪಡೆಯ ನೆಲೆ. ಇನ್ನೂ ಮುಂದೆ ಹೋದರೆ 2008ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಜಾಲಹಳ್ಳಿಯ ಕಡೆಗೆ ಹೊರಳಿದರೆ ಬಿಇಎಲ್, ಅದರಾಚೆ ಪೀಣ್ಯ ಕೈಗಾರಿಕಾ ಪ್ರದೇಶ.

ವಿಮಾನ ಹಾರಿಸಲು ಪೈಲಟ್ ಬೇಕು, ಸಂಶೋಧನೆಗೆ ವಿಜ್ಞಾನಿ ಬೇಕು. ಆದರೆ ಇಂಥ ಕಡೆಗಳಲ್ಲಿ ಫಿಟ್ಟರ್, ಎಲೆಕ್ಟ್ರಿಶಿಯನ್, ಮೆಷಿನಿಸ್ಟ್, ರೆಫ್ರಿಜರೇಶನ್ ಮೆಕ್ಯಾನಿಕ್, ಲ್ಯಾಬ್ ತಂತ್ರಜ್ಞರೂ ಬೇಕು. ಇವರಿಲ್ಲದೆ ಯಂತ್ರ ತಿರುಗುವುದಿಲ್ಲ.

ಜಕ್ಕೂರಿನ ಪಕ್ಕದ ಥಣಿಸಂದ್ರ, ನಾಗವಾರಗಳಲ್ಲಿ ನಮ್ಮ ಸಮುದಾಯದ ಸಾವಿರಾರು ಮನೆಗಳಿವೆ. ಅಲ್ಲಿನ ಹುಡುಗರ ಕೈಯಲ್ಲಿ ಕಸುಬಿಲ್ಲವೇ? ಧಾರಾಳವಾಗಿ ಇದೆ. ವೆಲ್ಡಿಂಗ್, ವಯರಿಂಗ್, ಎ.ಸಿ. ರಿಪೇರಿ, ಬೈಕ್ ಮೆಕ್ಯಾನಿಕ್ ಕೆಲಸವನ್ನು ಅವರು 14, 15ನೇ ವಯಸ್ಸಿಗೇ ಕಲಿಯುತ್ತಾರೆ. ಇಲ್ಲದಿರುವುದು ಕಾಗದ. ಕಾಗದ ಇಲ್ಲದವನು ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆಯ ಕೂಲಿ. ಗಲ್ಫಿಗೆ ಹೋದರೆ ಹೆಲ್ಪರ್. ಅದೇ ಕೆಲಸ ಬಲ್ಲ, ಸರ್ಟಿಫಿಕೇಟ್ ಇರುವ ಹುಡುಗ ಟೆಕ್ನಿಶಿಯನ್ ಆಗಿ ಅರ್ಜಿ ಹಾಕಬಹುದು. ಕೈಯ ಚಳಕ ಇಬ್ಬರದೂ ಒಂದೇ, ಸಂಬಳ ಮತ್ತು ಗೌರವ ಬೇರೆ ಬೇರೆ.

2006ರಲ್ಲಿ ಬಂದ ಸಾಚಾರ್ ವರದಿ ಈ ನೋವನ್ನು ಅಂಕಿಯಲ್ಲಿ ಹೇಳಿತು. 2001ರ ಜನಗಣತಿಯ ಪ್ರಕಾರ 20 ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7ರಷ್ಟಿದ್ದರೆ, ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ ಇದ್ದರು. ತಾಂತ್ರಿಕ ಶಿಕ್ಷಣ ಪಡೆದವರು ನಮ್ಮಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಆ ವರದಿ ಹೇಳಿತ್ತು. ಕುಶಲಕರ್ಮಿಗಳೇ ತುಂಬಿರುವ ಸಮುದಾಯದ ಸ್ಥಿತಿ ಇದು! ಆ ಬಳಿಕ ವರ್ಷಗಳು ಉರುಳಿವೆ, ನಮ್ಮ ಮಕ್ಕಳು ಮುಂದೆ ಬಂದಿದ್ದಾರೆ. ಆದರೆ ಗ್ಯಾರೇಜಿಗೂ ತರಗತಿಗೂ ನಡುವಿನ ಗೋಡೆ ಇನ್ನೂ ಬಿದ್ದಿಲ್ಲ.

ಕೈಕೆಲಸ ಕೀಳಲ್ಲ

"ನಮ್ಮ ಹುಡುಗ ಸ್ಪ್ಯಾನರ್ ಹಿಡಿಯಬೇಕೇ?" ಎಂದು ಕೇಳುವ ತಾಯಂದಿರಿದ್ದಾರೆ. ಸಹೋದರಿಯರೇ, ಪ್ರವಾದಿ ದಾವೂದ್(ಅ) ಅರಸರಾಗಿದ್ದರೂ ಕಬ್ಬಿಣದ ಕವಚ ತಯಾರಿಸಿ ಸ್ವಂತ ದುಡಿಮೆಯಿಂದ ಉಣ್ಣುತ್ತಿದ್ದರು. ನೂಹ್(ಅ) ಹಡಗು ಕಟ್ಟಿದರು. ಝಕರಿಯ್ಯಾ(ಅ) ಬಡಗಿಯಾಗಿದ್ದರು. ನಮ್ಮ ಪ್ರವಾದಿ(ಸ) ಕುರಿ ಕಾಯ್ದರು, ವ್ಯಾಪಾರ ಮಾಡಿದರು, ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಂಡರು. ದುಡಿಮೆಯನ್ನು ಕೀಳೆಂದು ಕಾಣುವುದು ಇಸ್ಲಾಮ್ ಕಲಿಸಿದ್ದಲ್ಲ. ಅದು ನಾವು ಎಲ್ಲಿಂದಲೋ ಎರವಲು ತಂದ ರೋಗ.

ನಮ್ಮ ನಾಡಿನ ಹಿರಿಯರೂ ಇದನ್ನು ಬಲ್ಲವರಾಗಿದ್ದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲ. ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಅದಕ್ಕೆ ಕೊಡಿಸಿದರು. ಇಂದು ಅದೇ ಎಸ್.ಜೆ. ಪಾಲಿಟೆಕ್ನಿಕ್. ದೊಡ್ಡ ಇಂಜಿನಿಯರ್ ಒಬ್ಬರು ತಮ್ಮ ದುಡಿಮೆಯ ಹಣವನ್ನು ಮಧ್ಯಮ ಮಟ್ಟದ ತಂತ್ರಜ್ಞರ ತಯಾರಿಗೆ ಕೊಟ್ಟರೆಂದರೆ ಅದರ ಬೆಲೆ ಅವರಿಗೆ ತಿಳಿದಿತ್ತು ಎಂದೇ ಅರ್ಥ.

ಯಾರಿಗೆ ಯಾವುದು?

ಎಲೆಕ್ಟ್ರಿಶಿಯನ್, ಫಿಟ್ಟರ್, ಎ.ಸಿ. ಮತ್ತು ರೆಫ್ರಿಜರೇಶನ್ ಮೆಕ್ಯಾನಿಕ್‌ನಂತಹ ಐಟಿಐ ಕೋರ್ಸ್‌ಗಳು 2 ವರ್ಷದವು, ಎಸೆಸೆಲ್ಸಿ ಪಾಸಾಗಿರಬೇಕು. ವೆಲ್ಡರ್, ಹೊಲಿಗೆ ತಂತ್ರಜ್ಞಾನದಂತಹ ಕೆಲವಕ್ಕೆ 8ನೇ ತರಗತಿ ಸಾಕು. ಎಸೆಸೆಲ್ಸಿಯಲ್ಲಿ ಎಡವಿದ ಮಗುವಿಗೂ ಕಲಿಯಲು ಜಾಗವಿದೆ ಎಂಬುದನ್ನು ಮರೆಯಬೇಡಿ. ಆದರೆ ಮುಂದೆ ಡಿಪ್ಲೊಮಾಕ್ಕೆ ಹೋಗಲು ಎಸೆಸೆಲ್ಸಿ ಬೇಕೇ ಬೇಕು. ಆದ್ದರಿಂದ ಬಾಕಿ ಉಳಿದ ವಿಷಯಗಳನ್ನು ಬರೆದು ಮುಗಿಸುವಂತೆ ನೋಡಿಕೊಳ್ಳಿ. 2 ವರ್ಷದ ಐಟಿಐ ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಕೆಲವು ವಿಷಯಗಳನ್ನಷ್ಟೇ ಬರೆದು 12ನೇ ತರಗತಿಯ ಪ್ರಮಾಣಪತ್ರ ಪಡೆಯುವ ಅವಕಾಶವೂ 2016ರಿಂದ ಇದೆ. ಆಗ ಬಿ.ಎ., ಬಿ.ಕಾಂ.ನಂತಹ ಪದವಿಗಳ ಬಾಗಿಲೂ ತೆರೆಯುತ್ತದೆ.

ಪಾಲಿಟೆಕ್ನಿಕ್ ಪ್ರವೇಶ ಎಸೆಸೆಲ್ಸಿ ಅಂಕಗಳ ಮೇಲೆಯೇ ಸಿಗುತ್ತದೆ. ಹಾಗಾಗಿ ಪಿಯುಸಿಯಲ್ಲಿ ಫೇಲಾದವರೂ ಮೊದಲ ವರ್ಷಕ್ಕೆ ಸೇರಬಹುದು. ಪಿಯುಸಿ ವಿಜ್ಞಾನ ಪಾಸಾದವರಿಗೆ ಎರಡನೇ ವರ್ಷಕ್ಕೇ ಪ್ರವೇಶವಿದೆ. ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಆರಂಭವಾಯಿತು. ಅಲ್ಲಿನ ಟೂಲ್ ಆ್ಯಂಡ್ ಡೈ ಡಿಪ್ಲೊಮಾದಲ್ಲಿ 3 ವರ್ಷ ಕಲಿಕೆ, 1 ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಐಟಿಐ, ಡಿಪ್ಲೊಮಾ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ದೊಡ್ಡ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಜಾಲಹಳ್ಳಿಯ ಬಿಇಎಲ್‌ನಂತಹ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಇದರ ಪ್ರಕಟಣೆ ನಮ್ಮ ಮನೆಗಳಿಗೆ ತಲುಪುವುದೇ ಇಲ್ಲ, ಅದೇ ಬೇಸರ.

ಹೆಣ್ಣು ಮಕ್ಕಳ ವಿಷಯ

ಮಗಳನ್ನು ದೂರ ಕಳುಹಿಸಲು ಅಂಜುವ ತಾಯಂದಿರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಮಹಿಳೆಯರಿಗಾಗಿಯೇ ಇರುವ ಸಂಸ್ಥೆಗಳಿವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಮಹಿಳೆಯರ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ, ಮಂಗಳೂರಿನ ಬೊಂದೇಲ್‌ನಲ್ಲಿ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್ ಇದೆ. ಐಟಿಐ ಬಳಿಕ ಒಂದು ವರ್ಷದ ಬೋಧಕರ ತರಬೇತಿ ಪಡೆದರೆ ನಿಮ್ಮ ಮಗಳೇ ನಾಳೆ ಐಟಿಐ ಬೋಧಕಿಯಾಗಬಹುದು. ಮನೆಯಲ್ಲಿ ಅಂದವಾಗಿ ಬಟ್ಟೆ ಹೊಲಿಯುವ ಹುಡುಗಿ ವಸ್ತ್ರ ವಿನ್ಯಾಸದ ಡಿಪ್ಲೊಮಾ ಏಕೆ ಮಾಡಬಾರದು? ವ್ಯಾಪಾರ ನಡೆಸಿದ ಹಝ್ರತ್ ಖದೀಜಾ(ರ)ರ ಹೆಸರನ್ನು ಮಗಳಿಗೆ ಇಟ್ಟರೆ ಸಾಕೇ?

ನರ್ಸಿಂಗ್ ಇಷ್ಟವಿರುವವರಿಗೂ ಇಂಥದ್ದೇ ಮೆಟ್ಟಿಲುಗಳಿವೆ. ಪಿಯುಸಿಯ ಬಳಿಕ 3 ವರ್ಷದ ಜಿಎನ್‌ಎಂ ಡಿಪ್ಲೊಮಾ, ಕೆಲಸಕ್ಕೆ ಸೇರಿದ ಬಳಿಕವೂ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಪದವಿ.

ಎಚ್ಚರಿಕೆಯ ಮಾತು

ಈ ದಾರಿ ಎಲ್ಲ ಕಡೆಗೂ ಹೋಗುವುದಿಲ್ಲ. ಮಗು ಡಾಕ್ಟರ್ ಆಗಬೇಕೆಂದಿದ್ದರೆ ಜೀವಶಾಸ್ತ್ರದೊಂದಿಗೆ ಪಿಯುಸಿ ವಿಜ್ಞಾನ ಓದಲೇಬೇಕು. ಡಿಪ್ಲೊಮಾದಿಂದ ಇಂಜಿನಿಯರಿಂಗ್‌ಗೆ ಹೋದವರಿಗೆ ಗಣಿತ ಕಷ್ಟವಾಗುತ್ತದೆ. ಪಿಯುಸಿಯವರು ಎರಡು ವರ್ಷ ಓದಿದ್ದನ್ನು ಇವರು ಅವಸರದಲ್ಲಿ ತುಂಬಿಕೊಳ್ಳಬೇಕು. ಡಿಪ್ಲೊಮಾದ ಮೊದಲ ದಿನದಿಂದಲೇ ಗಣಿತವನ್ನು ಕೈಬಿಡದಂತೆ ನೋಡಿಕೊಳ್ಳಿ.

ಇನ್ನೊಂದು ಅಪಾಯ ಬೋರ್ಡುಗಳದ್ದು. ಬೀದಿ ಬೀದಿಯಲ್ಲಿ ಆರು ತಿಂಗಳ "ಡಿಪ್ಲೊಮಾ" ಕೊಡುವ ಅಂಗಡಿಗಳಿವೆ. ಆ ಕಾಗದ ಹಿಡಿದು ಪದವಿಗೆ ಹೋಗಲಾಗದು. ಶುಲ್ಕ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಐಟಿಐಗೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ? ಪಾಲಿಟೆಕ್ನಿಕ್‌ಗೆ ಎಐಸಿಟಿಇ ಅನುಮೋದನೆ ಇದೆಯೇ? ಮುಂದಿನ ಹಂತಕ್ಕೆ ಈ ಕೋರ್ಸ್‌ನಿಂದ ನೇರ ಪ್ರವೇಶ ಇದೆಯೇ? ಉತ್ತರವನ್ನು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ನೋಡಿ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಕೊನೆಯ ವಾರ ತಾಲೂಕು ಕಚೇರಿಯ ಸರದಿಯಲ್ಲಿ ನಿಂತು ಸೀಟು ಕಳೆದುಕೊಳ್ಳುವುದು ಬೇಡ. ವಿದ್ಯಾರ್ಥಿವೇತನದ ವಿವರವನ್ನು ಜಿಲ್ಲೆಯ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ತೀರ್ಮಾನ ನಿಮ್ಮ ಕೈಯಲ್ಲಿದೆ

ತಂದೆ ದುಡಿಮೆಯಲ್ಲಿ, ಎಷ್ಟೋ ಮನೆಗಳಲ್ಲಿ ಕಡಲಾಚೆ ಇರುತ್ತಾರೆ. ಮಗುವಿನ ಜೊತೆ ದಿನವಿಡೀ ಇರುವವರು ನೀವು. ಕೆಟ್ಟುಹೋದ ಫ್ಯಾನನ್ನು ಬಿಚ್ಚಿ ಜೋಡಿಸುವ ಹುಡುಗ ದಡ್ಡನಲ್ಲ ಎಂಬುದು ಅಂಕಪಟ್ಟಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಫಲಿತಾಂಶದ ದಿನ ಪಕ್ಕದ ಮನೆಯವರೊಡನೆ ಹೋಲಿಸುವ ಬದಲು ಮಗುವನ್ನು ಹತ್ತಿರ ಕೂರಿಸಿ ಕೇಳಿ: "ನಿನಗೆ ಯಾವ ಕೆಲಸ ಇಷ್ಟ?" ಬಳಿಕ ಹತ್ತಿರದ ಐಟಿಐ, ಪಾಲಿಟೆಕ್ನಿಕ್‌ಗೆ ಒಮ್ಮೆ ಕರೆದುಕೊಂಡು ಹೋಗಿ, ವರ್ಕ್‌ಶಾಪ್ ತೋರಿಸಿ. ನಿಮ್ಮ ಮೊಹಲ್ಲಾದ ಮಸೀದಿ ಸಮಿತಿಯವರಿಗೂ ಹೇಳಿ, ಪ್ರವೇಶದ ದಿನಾಂಕಗಳನ್ನು ಜುಮಾ ಬಳಿಕ ಪ್ರಕಟಿಸಲಿ.

ಪಿಯುಸಿಗೆ ಹೋಗಬಲ್ಲ ಮಗು ಹೋಗಲಿ. ಹೋಗಲಾಗದ ಮಗು ಮನೆಯಲ್ಲಿ ಕೂರದಿರಲಿ. ನಮ್ಮ ಮಕ್ಕಳ ಕೈಗೆ ಕಸುಬನ್ನೂ, ಕಸುಬಿಗೆ ಗೌರವವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.