ಅಜ್ಜನ ಕೋವಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ

ಶಿಕಾರಿಪುರ ಎಂಬ ಹೆಸರಿನಲ್ಲೇ ಶಿಕಾರಿ ಇದೆ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರ ಎನಿಸಿಕೊಂಡಿದ್ದ ಈ ಊರಿನ ಸುತ್ತ ಬೇಟೆ ಹೇರಳವಾಗಿ ಸಿಗುತ್ತಿತ್ತು; ಹಾಗಾಗಿ ಹೈದರಾಲಿ ಅಥವಾ ಟಿಪ್ಪುವಿನ ಕಾಲದಲ್ಲಿ ಹೊಸ ಹೆಸರು ಬಂತು ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಶಿಕಾರಿ ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಬಾಗಿಲು ಮುಚ್ಚಿತು. ಆದರೆ ಕೋವಿ ಮಾತ್ರ ಮನೆಯಲ್ಲೇ ಉಳಿಯಿತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಎಷ್ಟೋ ಹಳ್ಳಿಮನೆಗಳಲ್ಲಿ ಜೋಳ, ಭತ್ತ, ಶುಂಠಿ, ಅನಾನಸ್ ಕಾಯಲು ತಂದ ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಕೋವಿ ಈಗಲೂ ಇದೆ.

ಅಂಥ ಮನೆಯಲ್ಲಿ ಪದವಿ ಮುಗಿಸಿ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಪಿಡಿಒ ಪರೀಕ್ಷೆಗೋ ಓದುತ್ತಿರುವ ಮಗನೋ ಮಗಳೋ ಇರುತ್ತಾರೆ. ಕೋವಿಯ ವಿಷಯದಲ್ಲಿ ಅತಿ ಹೆಚ್ಚು ಕಳೆದುಕೊಳ್ಳಬಹುದಾದವರು ಅವರೇ. ಅವರಿಗಾಗಿಯೇ ಈ ಲೇಖನ.

ಲೈಸೆನ್ಸ್ ಇರುವುದು ಮನುಷ್ಯನಿಗೆ, ಮನೆಗಲ್ಲ

ಗದ್ದೆಯ ಪಹಣಿ ಅಪ್ಪನಿಂದ ಮಗನಿಗೆ ಬರುವ ಹಾಗೆ ಕೋವಿಯೂ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕವೇ ಬೇರೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಅವರು ತೀರಿಕೊಂಡರೆ ಆ ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ಹಕ್ಕೂ ಅಲ್ಲಿಗೆ ಮುಗಿಯಿತು. ವಾರಸುದಾರರು ಅನಗತ್ಯ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಅದನ್ನು ಜಮಾ ಮಾಡಬೇಕು ಎಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಜಮಾ ಮಾಡಿದರೆ ಕೋವಿ ಕೈಬಿಟ್ಟಂತೆ ಅಲ್ಲ. ನಿಗದಿತ ಅವಧಿಯೊಳಗೆ ನಿಮ್ಮ ಹೆಸರಿಗೆ ಲೈಸೆನ್ಸ್ ಪಡೆದು ವಾಪಸ್ ತರಬಹುದು, ಇಲ್ಲವೇ ಲೈಸೆನ್ಸ್ ಇರುವ ಮತ್ತೊಬ್ಬರಿಗೆ ಮಾರಬಹುದು. ಅವಧಿ ಮೀರಿದರೆ ಮಾತ್ರ ಅದು ಸರ್ಕಾರದ ಪಾಲು. ಜಮಾ ಮಾಡಿದ ದಿನವೇ ರಸೀದಿ ಕೇಳಿ ಪಡೆಯಿರಿ.

ಅಜ್ಜ ಬದುಕಿರುವಾಗಲೇ ಕೋವಿಯನ್ನು ಮುಂದಿನವರಿಗೆ ವರ್ಗಾಯಿಸಲೂ ದಾರಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅರ್ಹ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಅಜ್ಜ ತೀರಿಕೊಂಡ ಮೇಲಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಎಂದು ಓಡಾಡಬೇಕಾಗುತ್ತದೆ. ಅಣ್ಣ ತಮ್ಮಂದಿರ ನಡುವೆ ಪಾಲಿನ ತಕರಾರು ಇದ್ದರಂತೂ ಕೇಳುವುದೇ ಬೇಡ. ಹಿರಿಯರು ಇರುವಾಗಲೇ ಮಾಡಿಸಿಕೊಳ್ಳುವುದು ಜಾಣತನ.

ಹಾಗೆ ಮಾಡದೆ ಕೋವಿಯನ್ನು ಅಟ್ಟದಲ್ಲಿ ಮುಚ್ಚಿಟ್ಟರೆ ಏನಾಗುತ್ತದೆ? ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಮತ್ತು ದಂಡ. ಶಿಕ್ಷೆಯ ಮಾತು ಆಮೇಲಿನದು. ಎಫ್‌ಐಆರ್ ಆದರೇ ಸಾಕು, ಕೆಲಸ ಹುಡುಕುವವರಿಗೆ ತೊಡಕು ಶುರು. ಸರ್ಕಾರಿ ನೌಕರಿಗೆ ಆಯ್ಕೆಯಾದ ಮೇಲೆ ತುಂಬುವ ದೃಢೀಕರಣ ನಮೂನೆಯಲ್ಲಿ ಮೊಕದ್ದಮೆ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವರ್ಷಗಟ್ಟಲೆ ಓದಿ ಪಡೆದ ಹುದ್ದೆಗೆ ಅಟ್ಟದ ಮೇಲಿನ ತುಕ್ಕು ಹಿಡಿದ ನಳಿಗೆ ಅಡ್ಡ ಬರಬಾರದು.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೇಕೆ?’ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಶಿವಮೊಗ್ಗ ಜಿಲ್ಲೆಗೆ ಅದು ಅನ್ವಯಿಸುವುದಿಲ್ಲ.

ಹೊಸದಾಗಿ ಪಡೆಯುವುದಾದರೆ

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಅದಕ್ಕೆ ಮೊದಲು ಪೊಲೀಸ್ ವರದಿ ಬರಬೇಕು. ಬೆಳೆ ರಕ್ಷಣೆಗೆ ಮೊದಲು ಪರಿಗಣಿಸುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಜಿಲ್ಲಾಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಅನುಮತಿ ಕೊಡಬಹುದು. ಆತ್ಮರಕ್ಷಣೆ ಅಥವಾ ಕ್ರೀಡೆಗೆ ಎಂದು ಕೇಳುವ ನುಣುಪು ನಳಿಗೆಯ ಕೋವಿಯ ನಳಿಗೆ 20 ಅಂಗುಲಕ್ಕಿಂತ ಕಡಿಮೆ ಇರಬಾರದು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.

2019ರಿಂದ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ನವೀಕರಣಕ್ಕೆ ಹಾಕಿ. ಲೈಸೆನ್ಸ್‌ನಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇದೆಯೇ ನೋಡಿ. ಅದಿಲ್ಲದ ಹಳೆಯ ಪುಸ್ತಕಕ್ಕೆ ಈಗ ಮಾನ್ಯತೆ ಇಲ್ಲ.

ಅಪ್ಪನ ಕೋವಿಯನ್ನು ನೀವು ಹಿಡಿಯುವಂತೆಯೇ ಇಲ್ಲವೇ? ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ ಒಯ್ಯಬಹುದು. ಅಪ್ಪ ಜೊತೆಗಿರಬೇಕು, ಇಲ್ಲವೇ ಅವರು ಸಹಿ ಮಾಡಿದ ಅಧಿಕಾರ ಪತ್ರ ನಿಮ್ಮ ಜೇಬಿನಲ್ಲಿರಬೇಕು. ಇದನ್ನೇ ನೆಪ ಮಾಡಿಕೊಂಡು ರಾತ್ರಿ ಗೆಳೆಯರ ಜೊತೆ ಬೈಕಿನಲ್ಲಿ ಒಯ್ದರೆ ಕಾನೂನು ಒಪ್ಪುವುದಿಲ್ಲ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಜಮಾ ಮಾಡುವಂತೆ ಆದೇಶ ಬರುವುದು ಮಲೆನಾಡಿನ ರೈತರಿಗೆ ಗೊತ್ತಿರುವ ಸಂಕಟ. ಬೆಳೆ ಕಾಯಲು ಕೋವಿ ಬೇಕೇ ಬೇಕು ಎನ್ನುವವರು ಸುಮ್ಮನೆ ಬೈದುಕೊಳ್ಳುವ ಬದಲು, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಪಹಣಿ ಸಹಿತ ವಿನಾಯಿತಿ ಅರ್ಜಿ ಕೊಡಬೇಕು. ಇಂಥ ಅರ್ಜಿ ಬರೆದುಕೊಡುವುದು ಓದಿದ ಮಕ್ಕಳು ಮನೆಗೆ ಮಾಡಬಹುದಾದ ಉಪಕಾರ.

ತೋಟಾ ಕೊಳ್ಳುವಾಗ

ಒಮ್ಮೆಗೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಅದಕ್ಕಿಂತ ಒಂದು ಹೆಚ್ಚಿದ್ದರೂ ತಪ್ಪೇ. ನಮ್ಮ ಕಡೆ ಸಾಮಾನ್ಯವಾಗಿ ಇರುವುದು 12 ಬೋರ್. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದೊಂದರ ವ್ಯಾಸ ಎಷ್ಟೋ ಅಷ್ಟು ಅಗಲದ ನಳಿಗೆ ಎಂದು ಇದರ ಅರ್ಥ, ಸುಮಾರು 18.5 ಮಿ.ಮೀ. ಹಾಗಾಗಿ ಬೋರ್ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಚರೆಯ ನಂಬರಿಗೂ ಇದೇ ಲೆಕ್ಕ: ನಂಬರ್ ದೊಡ್ಡದಾದರೆ ಚರೆ ಸಣ್ಣದು.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ತೋಟಾದ ಉದ್ದ. ಹಳೆಯ ಕೋವಿಗಳು ಹೆಚ್ಚಾಗಿ 65 ಮಿ.ಮೀ. ತೋಟಾಕ್ಕೆ ಮಾಡಿದವು. ಅವುಗಳಲ್ಲಿ 70 ಮಿ.ಮೀ. ತೋಟಾ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿಯ ಗೂಡಿನ ಉದ್ದ ಎಷ್ಟೆಂದು ನಳಿಗೆಯ ಮೇಲಿನ ಗುರುತು ನೋಡಿ ಅಥವಾ ಬಂದೂಕು ರಿಪೇರಿಯವರಲ್ಲಿ ಅಳೆಸಿ. ಇನ್ನೊಂದು ಅಪಾಯ, 12 ಬೋರ್ ಕೋವಿಗೆ 20 ಬೋರ್ ತೋಟಾ ಬೀಳುವುದು. ಅದು ಮುಂದೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಮತ್ತೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. ಎರಡು ಬಗೆಯ ತೋಟಾ ಒಂದೇ ಚೀಲದಲ್ಲಿ ಇಡಬೇಡಿ.

ಕುದುರೆ ಬಿದ್ದರೂ ಈಡು ಹಾರದಿದ್ದರೆ ಕೂಡಲೇ ನಳಿಗೆ ಬಿಚ್ಚಬಾರದು. ಮೂತಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಹಾಗೇ ಹಿಡಿದಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಮಳೆಗಾಲದ ಆರೈಕೆ

ಮಲೆನಾಡಿನ ಮಳೆಗಾಲ ಕಬ್ಬಿಣಕ್ಕೆ ಶತ್ರು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಕೋವಿ ಒಳಗೇ ತುಕ್ಕು ಹಿಡಿಯುತ್ತದೆ, ಏಕೆಂದರೆ ಚರ್ಮ ತೇವ ಹೀರಿಕೊಳ್ಳುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆಯ ತೆಳು ಲೇಪ ಕೊಟ್ಟು, ಗಾಳಿಯಾಡುವ ಬೀರುವಿನಲ್ಲಿ ಬೀಗ ಹಾಕಿಡಿ. ತೋಟಾಗಳಿಗೆ ಬೇರೆ ಜಾಗ, ಬೇರೆ ಬೀಗ. ಉಬ್ಬಿದ, ಹಸಿರು ಕಿಲುಬು ಹಿಡಿದ ತೋಟಾವನ್ನು ಹೊಡೆದು ನೋಡುವ ಉಮೇದು ಬೇಡ. ಲೈಸೆನ್ಸ್ ಇರುವ ವ್ಯಾಪಾರಿಗೆ ಕೊಡಿ.

ಬಹಳ ದಿನದ ಮೇಲೆ ಕೋವಿ ತೆಗೆದಾಗ ಮೊದಲು ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಕುಂಬಾರ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿರಬಹುದು. ಅಷ್ಟು ಮಣ್ಣು ಸಾಕು, ನಳಿಗೆ ಸೀಳಲು. ಕೇಪಿನ ಕೋವಿಯಾದರೆ ಇನ್ನೂ ಎಚ್ಚರ ಬೇಕು. ಯಾವ ಕಾಲದಲ್ಲೋ ಮದ್ದು ಜಡಿದು ಹಾಗೇ ಇಟ್ಟದ್ದು ಇನ್ನೂ ಜೀವಂತವಾಗಿರಬಹುದು. ಅದನ್ನು ಖಾಲಿ ಮಾಡುವುದು ಬಲ್ಲವರ ಕೆಲಸ.

ಯಾವುದಕ್ಕೆ ಹೊಡೆಯಬಹುದು?

ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. ಮಾಳದಲ್ಲಿ ಕುಳಿತು ಸದ್ದು ಮಾಡಿ ಹಂದಿ ಓಡಿಸುವುದು ಬೇರೆ, ಅದನ್ನು ಕೊಲ್ಲುವುದು ಬೇರೆ. ಕೊಲ್ಲಲು ವನ್ಯಜೀವಿ ಕಾಯ್ದೆಯಡಿ ಅಧಿಕಾರವುಳ್ಳವರ ಅನುಮತಿ ಬೇಕು. ಜೀವ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಮತ್ತೊಂದು ಕೇಸು. ನವಿಲು ಒಂದನೇ ಅನುಸೂಚಿಯ ಪಕ್ಷಿ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು.

ಸೊರಬ ತಾಲ್ಲೂಕಿನವರು ಗುಡವಿ ಪಕ್ಷಿಧಾಮವನ್ನು ನೆನಪಿಡಬೇಕು. ಅಭಯಾರಣ್ಯದ 10 ಕಿ.ಮೀ. ಸುತ್ತಳತೆಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಆ ಭಾಗದ ಅರ್ಜಿಗಳು ತಡವಾಗಲು ಇದೂ ಒಂದು ಕಾರಣವಾಗಬಹುದು.

ಎಲ್ಲಕ್ಕಿಂತ ದೊಡ್ಡ ಮಾತು: ಕತ್ತಲಲ್ಲಿ ಪೊದೆ ಅಲ್ಲಾಡಿತು ಎಂದು ಈಡು ಹೊಡೆಯಬೇಡಿ. ಹಂದಿ ಎಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನ ಓದುಗರಿಗೆ ಹೊಸದಲ್ಲ. ಸತ್ತವರು ಹೆಚ್ಚಾಗಿ ಜೊತೆಗೆ ಬಂದವರೇ ಆಗಿರುತ್ತಾರೆ. ಬೇಲಿ ದಾಟುವಾಗ ತೋಟಾ ಹೊರಗೆ ತೆಗೆಯಿರಿ. ಕುದುರೆಗೆ ಬೆರಳು ಹೋಗುವುದು ಗುರಿ ಸ್ಪಷ್ಟವಾಗಿ ಕಂಡ ಮೇಲೆ, ಅದರ ಹಿಂದೆ ಏನಿದೆ ಎಂದು ತಿಳಿದ ಮೇಲೆ ಮಾತ್ರ.

ರೀಲ್ಸ್ ಬೇಡ, ರೇಂಜ್ ಇದೆ

ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಇಡೋಣ. ಆದರೆ ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮಾವನ ಕೋವಿ ಹಿಡಿದು ಹಾಕಿದ ಇನ್‌ಸ್ಟಾಗ್ರಾಂ ರೀಲ್‌ಗೆ ಬರುವ ಲೈಕ್‌ಗಳು ಎರಡು ದಿನದವು. ಆ ವಿಡಿಯೊ ಠಾಣೆಯವರ ಕಣ್ಣಿಗೆ ಬಿದ್ದರೆ ನಿಮ್ಮ ಹೆಸರಿನ ಜೊತೆ ಮಾವನ ಲೈಸೆನ್ಸಿಗೂ ಕುತ್ತು.

ಗುರಿ ಹೊಡೆಯುವ ಆಸೆ ನಿಜವಾಗಿದ್ದರೆ ಅದಕ್ಕೆ ನೇರ ದಾರಿಗಳಿವೆ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಪಾಯಿಂಟ್ 22 ರೈಫಲ್ ಅನ್ನು ಶಿಸ್ತಿನಿಂದ ಹಿಡಿಯಲು ಅಲ್ಲಿ ಕಲಿಸುತ್ತಾರೆ. ‘ಸಿ’ ಸರ್ಟಿಫಿಕೇಟ್ ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆ ಇಲ್ಲದೆ ಸೇನಾ ಅಧಿಕಾರಿಗಳ ಆಯ್ಕೆಗೆ ಹೋಗುವ ವಿಶೇಷ ಪ್ರವೇಶವೂ ಇದೆ. ಇನ್ನೊಂದು ದಾರಿ 10 ಮೀಟರ್ ಏರ್ ರೈಫಲ್. 4.5 ಮಿ.ಮೀ. ಪೆಲೆಟ್, ಗುರಿಯ ನಡುಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. ಪಿಸ್ತೂಲು ವಿಭಾಗದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ವರೆಗೆ ಹೋದರು. ಕಡಿಮೆ ಶಕ್ತಿಯ ಇಂಥ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂದು ಅದರಲ್ಲಿ ಹಕ್ಕಿ ಹೊಡೆದರೆ ಮಾತ್ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಮನೆಯಲ್ಲಿ ಕೋವಿ ಇದ್ದರೆ ಈ ಭಾನುವಾರ ಲೈಸೆನ್ಸ್ ಪುಸ್ತಕವನ್ನು ಕೈಗೆತ್ತಿಕೊಳ್ಳಿ. ಹೆಸರು ಬದುಕಿರುವವರದ್ದೇ? ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ? ಯುಐಎನ್ ಇದೆಯೇ? ಕೋವಿಯ ಮೇಲಿನ ನಂಬರ್ ಪುಸ್ತಕದ್ದಕ್ಕೆ ಹೊಂದುತ್ತದೆಯೇ? ನಾಲ್ಕಕ್ಕೂ ಉತ್ತರ ಸರಿಯಾಗಿದ್ದರೆ ಬೀಗ ಹಾಕಿ ನಿಮ್ಮ ಓದಿಗೆ ಮರಳಿ. ಒಂದು ತಪ್ಪಿದ್ದರೂ ಸೋಮವಾರ ಬೆಳಿಗ್ಗೆ ಮನೆಯ ಹಿರಿಯರನ್ನು ಕರೆದುಕೊಂಡು ಠಾಣೆಗೆ ಹೋಗಿ ಬನ್ನಿ.