ಸತತ ಸೋಲು ಒಂದು ತಂಡವನ್ನು ಚರಿತ್ರೆಯಲ್ಲೇ ಕಳಪೆಯಾಗಿಸುತ್ತದೆಯೇ?

ಹೊಸೂರಿನಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 40 ಕಿ.ಮೀ., ಚೆನ್ನೈನ ನೆಹರೂ ಕ್ರೀಡಾಂಗಣಕ್ಕೆ 300 ಕಿ.ಮೀ. ಆಸುಪಾಸು. ಹಾಗಾಗಿ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಫುಟ್‌ಬಾಲ್ ಪ್ರಿಯರಿಗೆ ಹತ್ತಿರದ ತಂಡ ಬೆಂಗಳೂರು ಎಫ್‌ಸಿ, ತಮ್ಮ ರಾಜ್ಯವಾದ ತಮಿಳುನಾಡಿನ ತಂಡ ಚೆನ್ನೈಯಿನ್ ಎಫ್‌ಸಿ. ಎರಡರಲ್ಲಿ ಯಾವುದು ಸಾಲಾಗಿ ನಾಲ್ಕೈದು ಪಂದ್ಯ ಸೋತರೂ ಇಷ್ಟು ಕೆಟ್ಟ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಚರಿತ್ರೆಯಲ್ಲೇ ಇಲ್ಲ ಎಂಬ ಮಾತು ಶುರುವಾಗುತ್ತದೆ. ಈ ನಂಬಿಕೆ ಬಹುಪಾಲು ಸಲ ತಪ್ಪು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ತಂಡವನ್ನು ನಿಜಕ್ಕೂ ಪಾತಾಳಕ್ಕೆ ತಳ್ಳುವ ಕಾರಣಗಳ ಮೇಲಿನ ನಮ್ಮ ಕಣ್ಣನ್ನು ಅದು ತಪ್ಪಿಸಿಬಿಡುತ್ತದೆ.

2022–23ರ ಋತುವನ್ನೇ ನೋಡಿ. ಬೆಂಗಳೂರು ಎಫ್‌ಸಿ ಮೊದಲ 12 ಪಂದ್ಯಗಳಲ್ಲಿ 8ನ್ನು ಸೋತು ಕೇವಲ 10 ಅಂಕ ಗಳಿಸಿತ್ತು. ತಂಡ ಮುಗಿಯಿತು ಎಂದವರು ಬಹಳ ಮಂದಿ. ಆಮೇಲೆ ಉಳಿದ ಎಂಟಕ್ಕೆ ಎಂಟೂ ಪಂದ್ಯ ಗೆದ್ದು 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೇರಿತು. ಫೈನಲ್ ತಲುಪಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಷ್ಟೇ ಸೋತಿತು. ಇದು ಪವಾಡವೇನಲ್ಲ. 2022ರ ಸೆಪ್ಟೆಂಬರಿನಲ್ಲಷ್ಟೇ ಡ್ಯುರಾಂಡ್ ಕಪ್ ಗೆದ್ದಿದ್ದ ತಂಡ ಅದು. ಸುನಿಲ್ ಛೆಟ್ರಿ, ರಾಯ್ ಕೃಷ್ಣ, ಗುರ್‌ಪ್ರೀತ್ ಸಿಂಗ್ ಸಂಧು ಎಲ್ಲರೂ ಅಲ್ಲೇ ಇದ್ದರು. ಅಂಕಪಟ್ಟಿ ಕೆಟ್ಟಿತ್ತು, ತಂಡ ಕೆಟ್ಟಿರಲಿಲ್ಲ. ಅದೇ ಋತುವಿನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ 20 ಪಂದ್ಯಗಳಲ್ಲಿ 17 ಸೋತು, 55 ಗೋಲು ಬಿಟ್ಟುಕೊಟ್ಟು, ಬರೀ 5 ಅಂಕಕ್ಕೆ ನಿಂತಿತು. ಚರಿತ್ರೆಯ ಕಳಪೆ ಎಂದರೆ ಇದು. ಹೀಗಿದ್ದೂ, ಮೊದಲ ಹತ್ತೂ ಪಂದ್ಯ ಸೋತಿದ್ದ ಈ ತಂಡ ಗುವಾಹಟಿಯಲ್ಲಿ 1–0ಯಿಂದ ಸೋಲಿಸಿದ್ದು ಆ ವರ್ಷ ಚಾಂಪಿಯನ್ ಆದ ಮೋಹನ್ ಬಾಗಾನ್ ತಂಡವನ್ನೇ.

ಗೆಲುವಿಲ್ಲದ ಸರಣಿ ನಮ್ಮನ್ನು ಇಷ್ಟು ಸುಲಭವಾಗಿ ಮೋಸಗೊಳಿಸಲು ಕಾರಣ, ಅದು ಎಷ್ಟು ಸಾಮಾನ್ಯ ಎಂಬುದು ನಮಗೆ ಹೊಳೆಯದಿರುವುದು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು ಇರುವ ಸಾಧಾರಣ ತಂಡವೊಂದನ್ನು ತೆಗೆದುಕೊಳ್ಳಿ. 20 ಪಂದ್ಯಗಳ ಋತುವಿನಲ್ಲಿ ಅದು ಎಲ್ಲೋ ಒಂದು ಕಡೆ ಸಾಲಾಗಿ ಐದು ಪಂದ್ಯ ಗೆಲುವಿಲ್ಲದೆ ಕಳೆಯುವ ಸಾಧ್ಯತೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚೇ ಬರುತ್ತದೆ. ಆಟಗಾರರ ಮನೋಬಲ, ಕೋಚ್‌ನ ತಪ್ಪು, ಯಾವುದೂ ಬೇಕಿಲ್ಲ. ಬರೀ ಅದೃಷ್ಟ ಸಾಕು. ದಾಖಲೆ ಮಟ್ಟದ ವೈಫಲ್ಯಕ್ಕೆ ಮಾತ್ರ ಅದೃಷ್ಟ ಸಾಲದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಡರ್ಬಿ ಕೌಂಟಿ 2007–08ರಲ್ಲಿ 38 ಪಂದ್ಯಗಳಿಂದ ಗಳಿಸಿದ 11 ಅಂಕಗಳೇ ಕನಿಷ್ಠ. 2024–25ರಲ್ಲಿ ಸೌತಾಂಪ್ಟನ್ ಅದಕ್ಕಿಂತ ಕೆಳಗಿಳಿಯುತ್ತದೆ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಗೋಲಿಲ್ಲದ ಒಂದು ಡ್ರಾ ಅದನ್ನು 12ಕ್ಕೆ ಮುಟ್ಟಿಸಿತು. ಪಂದ್ಯಕ್ಕೆ ಸರಾಸರಿ ತೆಗೆದರೆ ನಮ್ಮ ನಾರ್ತ್‌ಈಸ್ಟ್‌ನದು 0.25, ಡರ್ಬಿಯದು 0.29.

ಕಪ್ ಗೆದ್ದ ಕ್ಲಬ್ ಅಷ್ಟು ಕೆಳಗೆ ಬೀಳದು ಎಂಬುದು ಇನ್ನೊಂದು ನಂಬಿಕೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಬೆಂಗಳೂರನ್ನು 3–2ರಿಂದ ಮಣಿಸಿ ಕಪ್ ಎತ್ತಿದ ಚೆನ್ನೈಯಿನ್, ಮರು ಋತುವಿನಲ್ಲೇ 18 ಪಂದ್ಯಗಳಿಂದ 9 ಅಂಕ ಗಳಿಸಿ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಅದರ ಮುಂದಿನ ಋತುವಿನಲ್ಲಿ ಮತ್ತೆ ಫೈನಲ್ ಆಡಿತು. ಹೈದರಾಬಾದ್ ಎಫ್‌ಸಿಯ ಕಥೆ ಬೇರೆ. 2022ರ ಚಾಂಪಿಯನ್ ತಂಡಕ್ಕೆ ಹಣದ ಮುಗ್ಗಟ್ಟು ಬಂತು, ಸಂಬಳ ಬಾಕಿ ಬಿತ್ತು, ಹೊಸ ಆಟಗಾರರ ನೋಂದಣಿಗೆ ನಿಷೇಧ ಬಂತು, ಹೆಸರಾಂತ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2023–24ರಲ್ಲಿ ಉಳಿದ ಎಳೆಯ ಹುಡುಗರು 22 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಗಳಿಸಿದ್ದು 8 ಅಂಕ. ಆ ಹುಡುಗರನ್ನು ಹಂಗಿಸಿದವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಸೋತದ್ದು ಅವರಲ್ಲ, ಅವರ ಹಿಂದಿನ ಲೆಕ್ಕಪುಸ್ತಕ.

ಆ ವರ್ಷಗಳಲ್ಲಿ ಐಎಸ್‌ಎಲ್‌ನಲ್ಲಿ ಹಿಂಬಡ್ತಿ ಇರಲಿಲ್ಲ, ಬಿದ್ದವರು ಎದ್ದದ್ದೇ ಅದರಿಂದ ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಹುರುಳಿದೆ, ಕೊನೆಯ ಸ್ಥಾನಕ್ಕೂ ಮುಂದಿನ ವರ್ಷದ ಟಿಕೆಟ್ ಖಚಿತವಾಗಿತ್ತು. ಆದರೆ ಜರ್ಮನಿಯಲ್ಲಿ ಶಾಲ್ಕೆ 30 ಲೀಗ್ ಪಂದ್ಯ ಗೆಲುವಿಲ್ಲದೆ ಕಳೆದು, 2021ರಲ್ಲಿ ಹಿಂಬಡ್ತಿ ಪಡೆದು, ಮರುವರ್ಷವೇ ಎರಡನೇ ದರ್ಜೆಯ ಚಾಂಪಿಯನ್ ಆಗಿ ಮರಳಿತು. ಕೋಚ್ ಬದಲಿಸಿದರೆ ಸಾಕು ಎಂಬ ವಾದವೂ ಅಷ್ಟೇ ಅರೆಬರೆ. ನಾರ್ತ್‌ಈಸ್ಟ್ ಋತುವಿನ ನಡುವೆ ಕೋಚ್ ಬದಲಿಸಿದರೂ ಮೋಹನ್ ಬಾಗಾನ್ ವಿರುದ್ಧದ ಆ ಒಂದು ಗೆಲುವಿನ ನಂತರ ಮತ್ತೆ ಗೆಲ್ಲಲಿಲ್ಲ. ಋತು ಮುಗಿದ ಮೇಲೆ ಹೊಸ ಕೋಚ್ ಹುವಾನ್ ಪೆಡ್ರೊ ಬೆನಾಲಿ ಕೈಯಲ್ಲಿ ತಂಡವನ್ನೇ ಹೊಸದಾಗಿ ಕಟ್ಟಿದಾಗ ಏಳನೇ ಸ್ಥಾನ ಸಿಕ್ಕಿತು, 2024ರ ಆಗಸ್ಟ್‌ನಲ್ಲಿ ಡ್ಯುರಾಂಡ್ ಕಪ್ ಬಂತು.