ಎರಡು ಬಣ್ಣದ ನಡುವೆ ಒಂದು ಗೆರೆ

ಹಳೆಯ ಕಾರೊಂದನ್ನು ಕೊಂಡು ಅದರ ಜೀರ್ಣೋದ್ಧಾರಕ್ಕೆ ಇಳಿದವರನ್ನು ಇಂಜಿನ್ನಿಗಿಂತ ಹೆಚ್ಚು ಕಾಡುವುದು ಬಣ್ಣ. ಇಂಜಿನ್ ಓಡುತ್ತದೆ ಅಥವಾ ಓಡುವುದಿಲ್ಲ; ಅಲ್ಲಿ ವಾದಕ್ಕೆ ಎಡೆಯಿಲ್ಲ. ಬಣ್ಣ ಹಾಗಲ್ಲ. ಅದರಲ್ಲೂ ಮೈಗೊಂದು, ಮಡ್‌ಗಾರ್ಡಿಗೊಂದು ಎಂದು ಎರಡು ಬಣ್ಣ ಬಳಿಯಬೇಕಾದ ಕಾರಾದರೆ, ಯಾವ ಬಣ್ಣ ಎಂಬುದರ ಜತೆಗೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗಬೇಕು ಎಂಬ ಪ್ರಶ್ನೆಯೂ ಏಳುತ್ತದೆ. ಮನೆಯವರು ಒಂದು ಹೇಳಿದರೆ ಪೇಂಟರು ಇನ್ನೊಂದು, ನೋಡಲು ಬಂದ ನೆಂಟರು ಮತ್ತೊಂದು. ಉತ್ತರ ಬಹುಮಟ್ಟಿಗೆ ಕಾರಿನಲ್ಲೇ ಅಡಗಿರುತ್ತದೆ. ಆದರೆ ಉಪ್ಪುಕಾಗದ ಹಿಡಿದ ಕೈ ಒಂದೇ ಮಧ್ಯಾಹ್ನದಲ್ಲಿ ಅದನ್ನು ಅಳಿಸಿಬಿಡಬಲ್ಲದು.

ಎರಡು ಬಣ್ಣದ ರೂಢಿ ಕಾರಿಗೆ ಬಂದದ್ದು ಕುದುರೆ ಸಾರೋಟಿನಿಂದ. ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳೇ ಮೊದಲ ಕಾರುಗಳ ಮೈಯನ್ನೂ ಕಟ್ಟಿದರು. ಎಣ್ಣೆಬಣ್ಣ, ಅದರ ಮೇಲೆ ವಾರ್ನಿಷ್, ನಡುನಡುವೆ ಉಜ್ಜುವಿಕೆ. ಪದರದ ಮೇಲೆ ಪದರ ಒಣಗಿ ಕಾರು ಹೊರಬೀಳಲು ವಾರಗಟ್ಟಲೆ ಹಿಡಿಯುತ್ತಿತ್ತು. ದಿನಕ್ಕೆ ಸಾವಿರಗಟ್ಟಲೆ ಕಾರು ಮಾಡಹೊರಟ ಹೆನ್ರಿ ಫೋರ್ಡ್‌ಗೆ ಇದು ಒಗ್ಗಲಿಲ್ಲ. ಅಗ್ಗವೂ ಗಟ್ಟಿಯೂ ಆದ ಕಪ್ಪನ್ನು ಆತ ನೆಚ್ಚಿಕೊಂಡ. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪಿನಲ್ಲಿ ಮಾತ್ರ ಸಿಗುತ್ತಿತ್ತು.

ಕಟ್ಟು ಬಿಚ್ಚಿದ್ದು ಡ್ಯೂಪಾಂಟ್ ಕಂಪನಿಯ ಡ್ಯೂಕೊ. ಇದು ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಿನಿಂದ ಮಾಡಿದ ಲ್ಯಾಕರ್. ತೋಪಿನ ಮದ್ದಿಗೂ ಇದಕ್ಕೂ ಒಂದೇ ಕುಲ. ಎರಡಕ್ಕೂ ಮೂಲ ಆಮ್ಲದಲ್ಲಿ ಅದ್ದಿದ ಹತ್ತಿ. ಜನರಲ್ ಮೋಟಾರ್ಸ್ ಕಂಪನಿ 1924ರ ಓಕ್‌ಲೆಂಡ್ ಕಾರಿಗೆ ನೀಲಿ ಡ್ಯೂಕೊ ಬಳಿದು ತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1927ರಲ್ಲಿ ಅದೇ ಕಂಪನಿ ಹಾರ್ಲಿ ಅರ್ಲ್ ಎಂಬಾತನ ಕೈಗೆ 'ಕಲೆ ಮತ್ತು ಬಣ್ಣ'ದ ಒಂದು ವಿಭಾಗವನ್ನೇ ಒಪ್ಪಿಸಿತು. ಯಂತ್ರ ಮಾರುವ ಮನೆಯಲ್ಲಿ ಬಣ್ಣಕ್ಕೊಂದು ಕುರ್ಚಿ!

ಇಷ್ಟಾದರೂ ಆ ಕಾಲದ ಎಷ್ಟೋ ಕಾರುಗಳ ಮಡ್‌ಗಾರ್ಡು ಕಪ್ಪಾಗಿಯೇ ಉಳಿದವು. 1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಇದಕ್ಕೆ ಒಳ್ಳೆಯ ಉದಾಹರಣೆ. ಇದನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಕಾರಿನ ಮೈಯೊಳಗೆ ಮರದ ಚೌಕಟ್ಟು ಇರುತ್ತಿತ್ತು. ಅದನ್ನು ಬಿಸಿ ಒಲೆಯೊಳಗೆ ತಳ್ಳುವಂತಿರಲಿಲ್ಲ. ಮಡ್‌ಗಾರ್ಡು ಬರಿಯ ತಗಡು. ಅದನ್ನು ಕಪ್ಪು ಎನಾಮಲ್‌ನಲ್ಲಿ ಅದ್ದಿ ಬೇಯಿಸಬಹುದಿತ್ತು. ಬೆಂದ ಕಪ್ಪು ಕಲ್ಲಿನೇಟನ್ನೂ ಕೆಸರನ್ನೂ ತಡೆಯುತ್ತಿತ್ತು. ಇಂದು ಅಂಥ ಕಾರಿಗೆ ಕೆನೆಬಣ್ಣದ ಮಡ್‌ಗಾರ್ಡು ಹಾಕಿಸಿದರೆ ಕಣ್ಣಿಗೆ ಚೆಂದ ಕಂಡೀತು. ಕಾರಿನ ಕತೆ ಮಾತ್ರ ಸುಳ್ಳಾಗುತ್ತದೆ.

ಎರಡು ಬಣ್ಣದ ನಡುವಿನ ಗೆರೆ ಪೇಂಟರುಗಳಿಗೆ ಅಕ್ಷರಶಃ ತಲೆನೋವಾಗಿತ್ತು. ಮೊದಲ ಬಣ್ಣ ಒಣಗಿದ ಮೇಲೆ ಅದನ್ನು ಕಾಗದದಿಂದ ಮುಚ್ಚಿ ಎರಡನೆಯದನ್ನು ಸಿಂಪಡಿಸಬೇಕು. ಕಾಗದಕ್ಕೆ ಹಚ್ಚಿದ ಅಂಟು ಕೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತಿತ್ತು. ಅಮೆರಿಕದ ಸೇಂಟ್ ಪಾಲ್ ನಗರದ ಗ್ಯಾರೇಜಿನಲ್ಲಿ ಪೇಂಟರುಗಳು ಹೀಗೆ ಶಪಿಸುತ್ತಿದ್ದುದು ರಿಚರ್ಡ್ ಡ್ರೂ ಎಂಬ ತರುಣನ ಕಿವಿಗೆ ಬಿತ್ತು. ಆತ ಅಲ್ಲಿಗೆ ಹೋದದ್ದು ಉಪ್ಪುಕಾಗದದ ಪರೀಕ್ಷೆಗೆ. ಅವನ ಕಂಪನಿ, ಮುಂದೆ ತ್ರೀಎಂ ಎಂದು ಹೆಸರಾದದ್ದು, ಆಗ ಮಾರುತ್ತಿದ್ದುದು ಅದನ್ನೇ. ಹೋದ ಕೆಲಸ ಬಿಟ್ಟು ಆತ ಅಂಟಿನ ಬೆನ್ನು ಹತ್ತಿದ. ಹಿಡಿದುಕೊಳ್ಳಬೇಕು, ಆದರೆ ನೋಯಿಸದೆ ಬಿಡಬೇಕು; ಅಂಥ ಅಂಟು ಬೇಕಿತ್ತು. ತಿರುವಿನಲ್ಲಿ ಬಗ್ಗಲೆಂದು ನೆರಿಗೆಯ ಕಾಗದವನ್ನು ಆರಿಸಿಕೊಂಡ. 1925ರಲ್ಲಿ ಮಾಸ್ಕಿಂಗ್ ಟೇಪ್ ಹುಟ್ಟಿತು. ಮೊದಲ ಟೇಪಿನ ಅಂಚಿಗೆ ಮಾತ್ರ ಅಂಟು ಹಚ್ಚಿದ್ದನ್ನು ಕಂಡು ಪೇಂಟರೊಬ್ಬ ಇದು ಜಿಪುಣ ಸ್ಕಾಚ್ ಜನರ ಕೆಲಸವೆಂದು ರೇಗಿದನೆಂದೂ ಅದರಿಂದಲೇ 'ಸ್ಕಾಚ್' ಹೆಸರು ಬಂತೆಂದೂ ಒಂದು ಕತೆಯುಂಟು. ಅಂಚೆಯ ಪೊಟ್ಟಣಕ್ಕೆ ಅಂಟಿಸುವ ಪಾರದರ್ಶಕ ಟೇಪು ಅದೇ ಡ್ರೂನಿಂದ 1930ರಲ್ಲಿ ಬಂತು. ಮೇಜಿನ ಡ್ರಾಯರಿನಲ್ಲಿ ಬಿದ್ದಿರುವ ಆ ಟೇಪಿಗೂ ಎರಡು ಬಣ್ಣದ ಕಾರಿಗೂ ಹೀಗೆ ನೆಂಟಸ್ತನ.

ಗೆರೆ ಎಲ್ಲಿ ಬರಬೇಕೆಂಬುದನ್ನು ಕಾರಿನ ಮೈಕಟ್ಟೇ ಹೇಳುತ್ತದೆ. ಕಿಟಕಿಗಳ ಕೆಳಗೆ, ಬಾನೆಟ್ಟಿನಿಂದ ಹಿಂಬದಿಯವರೆಗೆ ಓಡುವ ಉಬ್ಬುಪಟ್ಟಿಯೇ ಸಹಜವಾದ ಗಡಿ. 1920ರ ದಶಕದ ಕಾರುಗಳು ಎತ್ತರ, ಇಕ್ಕಟ್ಟು. ಮೇಲೆ ಗಾಢ, ಕೆಳಗೆ ತಿಳಿ ಬಣ್ಣ ಇಟ್ಟರೆ ಎತ್ತರ ತಗ್ಗಿದಂತೆ ಕಾಣುತ್ತದೆ. ತಲೆ ತಿಳಿಯಾದರೆ ಚಾವಣಿ ಹಗುರಾಗುತ್ತದೆ. ಕಪ್ಪು ಮೈ, ಹಳದಿ ತಲೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ನೆನೆಸಿಕೊಂಡರೆ ಇದು ತಿಳಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಅವು ಮುಂಬಯಿಯ ರಸ್ತೆಗಳಿಂದ ಮರೆಯಾದವು. ಜೀನ್ ಬುಗಾಟಿ 1930ರ ದಶಕದ ಆರಂಭದಲ್ಲಿ ಟೈಪ್ 55 ಕಾರಿನ ಪಕ್ಕದಲ್ಲಿ ಗೆರೆಯನ್ನೇ ಬಳುಕಿಸಿ ಓಡಿಸಿದ. ಆದರೆ ಅದು ಆ ಮೈಗೆ ಮಾತ್ರ ಒಪ್ಪುವ ಬಳುಕು. ಬೇರೆ ಕಾರಿಗೆ ತಂದು ಅಂಟಿಸಿದರೆ ಎರವಲು ಒಡವೆಯಂತೆ ಕಾಣುತ್ತದೆ. 1955ರ ಹೊತ್ತಿಗೆ ಅಮೆರಿಕದಲ್ಲಿ ಈ ಹುಚ್ಚು ಎಷ್ಟು ಏರಿತೆಂದರೆ, ಡಾಜ್ ಕಂಪನಿ ಹೆಂಗಸರಿಗೆಂದು ಗುಲಾಬಿ-ಬಿಳಿಯ 'ಲಾ ಫೆಮ್' ಕಾರನ್ನು ಕೈಚೀಲ, ಲಿಪ್‌ಸ್ಟಿಕ್ ಸಮೇತ ಮಾರಲು ಹೊರಟಿತು. ಹೆಂಗಸರು ಕೊಳ್ಳಲಿಲ್ಲ. 1956ರ ನಂತರ ಅದು ನಿಂತೇಹೋಯಿತು.

ಮೂಲ ಬಣ್ಣ ಯಾವುದೆಂದು ತಿಳಿಯಲು ಬಿಸಿಲು ತಾಗದ ಜಾಗಗಳನ್ನು ಹುಡುಕಬೇಕು: ಸೀಟಿನ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಒಳತಗಡು, ಸ್ಟೆಪ್ನಿ ಕೂರುವ ಗುಂಡಿ. ಒಂದೆಡೆ ರೂಪಾಯಿಯಗಲದಷ್ಟು ಜಾಗವನ್ನು ನೀರುಕಾಗದದಿಂದ ಮೆಲ್ಲಗೆ ಉಜ್ಜಿದರೆ ಮರದ ಉಂಗುರಗಳಂತೆ ಪದರಗಳು ಒಂದೊಂದಾಗಿ ಕಾಣುತ್ತವೆ. ಒಣಗಿದ್ದನ್ನೇ ಉಜ್ಜಬಾರದು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ವಿಷ. ಹೀಗೆ ಸಿಕ್ಕ ಬಣ್ಣವೂ ಮೋಸ ಮಾಡುವುದುಂಟು. ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ ಅದರಡಿಯ ನೀಲಿ ಹಸಿರಾಗಿ ಕಾಣುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೋ ಇನ್ನೂ ಹೆಚ್ಚು ಸುಳ್ಳು ಹೇಳಬಲ್ಲದು: ಆಗ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಬೆಳ್ಳಗಾಗುತ್ತಿತ್ತು. ಅಜ್ಜನ ಕಾರು ಕಪ್ಪಗಿತ್ತೆಂದು ಫೋಟೋ ಹಿಡಿದು ವಾದಿಸುವವರ ಅಜ್ಜ ಕೆಂಪು ಕಾರಿನಲ್ಲೇ ಓಡಾಡಿರಬಹುದು. ರೋಲ್ಸ್ ರಾಯ್ಸ್‌ನಂಥ ಕಾರಾದರೆ ಚಾಸಿಸ್ ಕಾರ್ಡುಗಳೆಂಬ ಹಳೆಯ ದಾಖಲೆಗಳು ಇಂಗ್ಲೆಂಡಿನಲ್ಲಿ ಅದರ ಅಭಿಮಾನಿಗಳ ಸಂಘದ ಬಳಿ ಉಳಿದಿವೆ, ನೆರವು ಕೇಳಬಹುದು.

ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ಹೊಳಪಿಗೆ ಮರುಳಾಗುವ ಮುನ್ನ ಗೆರೆ ಎಲ್ಲಿ ನಿಂತಿದೆ, ಚಕ್ರಕ್ಕೆ ಯಾವ ಬಣ್ಣ ಬಂದಿದೆ ಎಂದು ಕಾರಿನಿಂದ ಕಾರಿಗೆ ಹೋಲಿಸಿ ನೋಡಿದರೆ ಅದೇ ಒಂದು ಪಾಠ. ಸರ್ಕಾರಿ ಕಡತದ ಮಾತೂ ಇದೆ. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಆರ್‌ಸಿಯಲ್ಲಿ ಬಣ್ಣವೂ ದಾಖಲಾಗಿರುವುದರಿಂದ, ಬದಲಿಸುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಬಣ್ಣದ ಮಾದರಿಯನ್ನು ಕಾಗದದ ಮೇಲೆ ಒಪ್ಪಬಾರದು. ಬಾಗಿದ ತಗಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬಳಿಸಿ, ಬೆಳಗಿನ ಬಿಸಿಲಿಗೂ ಸಂಜೆಯ ನೆರಳಿಗೂ ಇಟ್ಟು ನೋಡಬೇಕು. ಟ್ಯೂಬ್‌ಲೈಟಿನಡಿ ಹೊಂದಿದ ಜೋಡಿ ಹೊರಗೆ ಬಂದೊಡನೆ ಜಗಳವಾಡುವುದುಂಟು. ಸಾಮಾನ್ಯವಾಗಿ ತಿಳಿಬಣ್ಣ ಮೊದಲು, ಗಾಢ ಆಮೇಲೆ. ಕೊನೆಗೆ ಗಡಿಯ ಮೇಲೆ ಎಳೆಯುವ ಸಣ್ಣ ಗೆರೆಗೆ ಸೀಟಿನ ಚರ್ಮದ ಬಣ್ಣವೋ ಚಕ್ರದ ಬಣ್ಣವೋ ಒಪ್ಪುತ್ತದೆ. ಅದನ್ನು ಟೇಪಿಲ್ಲದೆ, ಉದ್ದ ಕೂದಲಿನ ಕುಂಚದಿಂದ ಒಂದೇ ಉಸಿರಿಗೆ ಎಳೆಯಬಲ್ಲ ಕೈ ಲಾರಿಗೆ ಬರೆಯುವ ಹಳೆಯ ಕಲಾವಿದರಲ್ಲಿ ಸಿಕ್ಕೀತು. ಸೀಟಿನಡಿಯಲ್ಲಿ ಕಂಡ ಮೂಲಬಣ್ಣದ ಅಂಗೈಯಗಲದ ಜಾಗವನ್ನು ಮಾತ್ರ ಯಾರೂ ಮುಟ್ಟದಂತೆ ಮೊದಲೇ ಟೇಪು ಹಚ್ಚಿ ಮುಚ್ಚಿಡಬೇಕು.